ಮೊಬೈಲಿಗೆ ಸಿಗುವ ವೈಫೈ ಕಂಪ್ಯೂಟರಿಗೇಕೆ ಸಿಗದು?

ಶಿಡ್ಲಘಟ್ಟದ ಮೇಷ್ಟ್ರೇ, ಕಂಪ್ಯೂಟರ್ ಇರುವ ಮೇಜಿನ ಮೇಲೇ ಮೊಬೈಲಿಗೆ ವೈಫೈ ಸರಾಗವಾಗಿ ಬರುತ್ತಿದೆ ಎಂದಿದ್ದೀರಿ. ಹಾಗಾದರೆ ನೆಟ್ ಕಂಪನಿಯವರ ಜೊತೆ ಜಗಳ ಬೇಡ. ತೊಂದರೆ ಬಹುಮಟ್ಟಿಗೆ ಕಂಪ್ಯೂಟರಿನ ಕಡೆಯೇ ಇದೆ. ನಿಮ್ಮ ವೈಫೈ ಡಾಂಗಲ್ ಸಿಪಿಯು ಹಿಂಭಾಗದಲ್ಲಿ ಗೋಡೆಗೆ ಒತ್ತಿಕೊಂಡಿದೆ. ಒಂದು ಕಡೆ ತಗಡಿನ ಡಬ್ಬ, ಇನ್ನೊಂದು ಕಡೆ ಹಳೇ ಮನೆಯ ದಪ್ಪ ಕಲ್ಲುಗೋಡೆ. ಸಿಗ್ನಲ್ ಬರುವುದಾದರೂ ಎಲ್ಲಿಂದ? ಸಾಲದ್ದಕ್ಕೆ ಪಕ್ಕದ ಯುಎಸ್‌ಬಿ 3.0 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್. ಅದು ಓಡುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ವೈಫೈಯನ್ನು ಕೆಡಿಸುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ತೋರಿಸಿದೆ. ಫೈಲ್ ಕಾಪಿ ಮಾಡುವಾಗಲೇ ನೆಟ್ ಹೋಗುವುದು ಅದಕ್ಕೇ ಇರಬೇಕು.

ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲಕ್ಕೆ ತನ್ನಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಪವರ್ ಮ್ಯಾನೇಜ್‌ಮೆಂಟ್ ತೆರೆದು, ವಿದ್ಯುತ್ ಉಳಿಸಲು ಅದನ್ನು ಆಫ್ ಮಾಡುವ ಆಯ್ಕೆಯ ಟಿಕ್ ತೆಗೆಯಿರಿ. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ ಎನ್ನುವವರೂ ಸಿಗುತ್ತಾರೆ; ಕಲ್ಲುಗೋಡೆಯೆದುರು ಅದು ಇನ್ನೂ ಬೇಗ ಸೋಲುತ್ತದೆ.

ನನ್ನನ್ನು ಕೇಳಿದರೆ, ಕೂತ ಜಾಗ ಬಿಟ್ಟು ಕದಲದ ಕಂಪ್ಯೂಟರಿಗೆ ವೈಫೈಯೇ ಬೇಡ. ರೂಟರಿನಿಂದ ಲ್ಯಾನ್ ಕೇಬಲ್ ಎಳೆಸಿಬಿಡಿ. 100 ಮೀಟರ್‌ವರೆಗೂ ಚೆನ್ನಾಗಿ ನಡೆಯುತ್ತದೆ.