ಪೂರ್ವಜರ ಮೂಲಕ ವಿದೇಶೀ ಪೌರತ್ವ: ಆಸ್ತಿವಂತರು ಗಮನಿಸಬೇಕಾದ ಅಂಶಗಳು

ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ವಹಿಸಿಕೊಂಡ ತರುವಾಯ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅನೇಕ ಗಣಿ ಕಸುಬುದಾರರು ಇಲ್ಲಿಗೆ ಬಂದರು. ಗಣಿಗಳು 2001ರಲ್ಲಿ ಮುಚ್ಚಿದವು. ಕೆ.ಜಿ.ಎಫ್., ಬಂಗಾರಪೇಟೆಗಳ ಆಂಗ್ಲೋ-ಇಂಡಿಯನ್ ಮನೆತನಗಳಲ್ಲಿ ಕೆಲವಕ್ಕೆ ಇಂದು ಅಜ್ಜನ ಜನನ ಪ್ರಮಾಣಪತ್ರವು ಬೆಲೆಯುಳ್ಳ ದಾಖಲೆ. ಆದರೆ ಅದರಿಂದ ದೊರೆಯುವುದೇನು, ಕಳೆದುಹೋಗುವುದೇನು ಎಂಬುದನ್ನು ಮೊದಲೇ ಲೆಕ್ಕ ಹಾಕುವವರು ವಿರಳ.

1983ರ ಜನವರಿ 1ಕ್ಕೆ ಮುನ್ನ ಭಾರತದಲ್ಲಿ ಜನಿಸಿದವರ ತಂದೆ ಬ್ರಿಟನ್ನಿನಲ್ಲೇ ಹುಟ್ಟಿದ್ದು, ತಂದೆತಾಯಿಯರು ವಿವಾಹಿತರಾಗಿದ್ದಲ್ಲಿ, ಅಂಥವರಿಗೆ ಸಾಮಾನ್ಯವಾಗಿ ವಂಶಾನುಗತ ಬ್ರಿಟಿಷ್ ಪೌರತ್ವ ಲಭಿಸುತ್ತದೆ. ಅಲ್ಲಿ ಹುಟ್ಟಿದವನು ಅಜ್ಜನಾದರೆ ಸಾಮಾನ್ಯವಾಗಿ ದೊರೆಯುವುದು ಪೌರತ್ವವಲ್ಲ. ದುಡಿಯಲು ಅವಕಾಶವೀಯುವ ಐದು ವರ್ಷಗಳ ಪೂರ್ವಜ ವೀಸಾ ಮಾತ್ರ. ವೀಸಾ ಪಡೆದವನು ಭಾರತೀಯನಾಗಿಯೇ ಉಳಿಯುತ್ತಾನೆ.

ಪಾಸ್‌ಪೋರ್ಟಿನ ಸಂಗತಿ ಬೇರೆ. ಸಂವಿಧಾನದ 9ನೇ ವಿಧಿಯಾಗಲಿ 1955ರ ಪೌರತ್ವ ಅಧಿನಿಯಮದ 9ನೇ ಪ್ರಕರಣವಾಗಲಿ ಉಭಯ ಪೌರತ್ವಕ್ಕೆ ಎಡೆಗೊಡುವುದಿಲ್ಲ. ಸ್ವಇಚ್ಛೆಯಿಂದ ಪರರಾಷ್ಟ್ರದ ಪೌರತ್ವ ಪಡೆದೊಡನೆ ಭಾರತೀಯ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ವಿದೇಶೀ ಪಾಸ್‌ಪೋರ್ಟ್ ಪಡೆದಿರುವುದೇ ಅದಕ್ಕೆ ನಿರ್ಣಾಯಕ ಸಾಕ್ಷ್ಯವೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 1962ರಲ್ಲೇ ಎತ್ತಿಹಿಡಿದಿದೆ. ಎರಡು ಪಾಸ್‌ಪೋರ್ಟುಗಳನ್ನು ಬೀರುವಿನಲ್ಲಿ ಜೊತೆಗಿಟ್ಟುಕೊಳ್ಳುವುದು ಜಾಣತನವಲ್ಲ, ಅಪರಾಧ.

2006ರಲ್ಲಿ ವಿತರಣೆ ಆರಂಭವಾದ ಸಾಗರೋತ್ತರ ಭಾರತೀಯ ನಾಗರಿಕ, ಅಂದರೆ ಒ.ಸಿ.ಐ., ಕಾರ್ಡು ಹೆಸರಿನಿಂದಲೇ ಗೊಂದಲ ಹುಟ್ಟಿಸುತ್ತದೆ. ಅದು ಪೌರತ್ವವಲ್ಲ, ಮತದಾನದ ಹಕ್ಕನ್ನು ಕೊಡದು.

ಬಂಗಾರಪೇಟೆಯ ಒಬ್ಬ ವರ್ತಕನಿಗೆ ಅಂಗಡಿ, ಮನೆ, ಎರಡು ಎಕರೆ ಹೊಲ ಇವೆಯೆಂದು ಭಾವಿಸೋಣ. ಬ್ರಿಟಿಷ್ ಪಾಸ್‌ಪೋರ್ಟ್ ಹಾಗೂ ಒ.ಸಿ.ಐ. ಕಾರ್ಡು ಪಡೆದು ಅಲ್ಲಿ ನೆಲೆಸಿದ ಮೇಲೂ, ಭಾರತದ ನಿವಾಸಿಯಾಗಿದ್ದಾಗ ಕೊಂಡ ಆ ಹೊಲವನ್ನು ಫೆಮಾ ಕಾಯಿದೆಯ 6(5)ನೇ ಪ್ರಕರಣದಂತೆ ಆತ ಉಳಿಸಿಕೊಳ್ಳಬಹುದು. ಮನೆ, ಅಂಗಡಿಗಳನ್ನು ಹೊಸದಾಗಿ ಕೊಳ್ಳಲೂಬಹುದು. ಪಕ್ಕದ ಹೊಲವನ್ನು ಮಾತ್ರ ಕೊಳ್ಳುವಂತಿಲ್ಲ. 2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಯಾರು ಬೇಕಾದರೂ ಕೃಷಿಭೂಮಿ ಖರೀದಿಸಬಹುದೆಂಬ ಮಾತನ್ನು ನಂಬಿ ಮುಂದುವರಿದರೆ ತೊಂದರೆ ತಪ್ಪಿದ್ದಲ್ಲ: ಆ ತಿದ್ದುಪಡಿ ಸಡಿಲಿಸಿದ್ದು ರಾಜ್ಯದ ಭೂಸುಧಾರಣಾ ಕಾಯಿದೆಯನ್ನೇ ಹೊರತು ಕೇಂದ್ರದ ಫೆಮಾವನ್ನಲ್ಲ. ಉಲ್ಲಂಘನೆಗೆ ಮೊಬಲಗಿನ ಮೂರು ಪಟ್ಟಿನವರೆಗೆ ದಂಡವುಂಟು.

ಊರು ಬಿಡುವಾಗ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ತಿಳಿಸತಕ್ಕದ್ದು. ಅಂಗಡಿಯ ಬಾಡಿಗೆಗೆ ಆದಾಯ ತೆರಿಗೆ ಇಲ್ಲಿ ಮುಂದುವರಿಯುತ್ತದೆ. ಪಾಸ್‌ಪೋರ್ಟಿನ ಬಣ್ಣ ಅದಕ್ಕೆ ಸಂಬಂಧಿಸಿದ್ದಲ್ಲ.