ಜೇಬಿನ ಗಾತ್ರದ ರೌಟರ್: ಪ್ರವಾಸದಲ್ಲಿರುವ ವ್ಯಾಪಾರಿಗೆ ನಿಸ್ತಂತು ಅಂತರಜಾಲ

ವ್ಯಾಪಾರಿಯು ತನ್ನ ಮಳಿಗೆಯಲ್ಲಿರುವಾಗ ಅಂತರಜಾಲ ಸಂಪರ್ಕದ ಬಗ್ಗೆ ಯೋಚಿಸುವ ಪ್ರಮೇಯವೇ ಬರುವುದಿಲ್ಲ. ವಸ್ತುಪ್ರದರ್ಶನಕ್ಕೋ ಪರವೂರಿನ ಖರೀದಿದಾರರ ಬಳಿಗೋ ಹೋದಾಗ ಅದರ ಕೊರತೆ ಅರಿವಾಗುತ್ತದೆ. ಹಿಂದೆ ಇದು ಕೇವಲ ಅನನುಕೂಲತೆಯಾಗಿತ್ತು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸರಕು ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಅದನ್ನು ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. ಅಂದಿನಿಂದ ಸಂಪರ್ಕದ ಅಭಾವವು ನೇರವಾಗಿ ಹಣದ ನಷ್ಟವಾಗಿ ಪರಿಣಮಿಸಬಲ್ಲದು.

ಒಂದು ಉದಾಹರಣೆ

ಹುಬ್ಬಳ್ಳಿಯ ತಯಾರಕರೊಬ್ಬರು ಬೆಂಗಳೂರಿನ ಪ್ರದರ್ಶನಕ್ಕೆ ಡೆಲಿವರಿ ಚಲನ್ ಮೇಲೆ ಸರಕು ತಂದಿದ್ದಾರೆಂದು ಭಾವಿಸೋಣ. ಕೊನೆಯ ದಿನ ಸಂಜೆ 1,00,000 ರೂಪಾಯಿ ಮೌಲ್ಯದ ಸರಕು ಮಾರಾಟವಾಗುತ್ತದೆ, ತೆರಿಗೆ ಶೇ. 18. ಖರೀದಿದಾರರ ವಾಹನ ಬಾಗಿಲಲ್ಲಿ ನಿಂತಿದೆ. ಬಿಲ್ ಸಿದ್ಧಪಡಿಸಿ, ಇ-ವೇ ಬಿಲ್ ಪಡೆದ ನಂತರವೇ ವಾಹನ ಹೊರಡಬೇಕು. ಸಂಪರ್ಕ ಸಿಗಲಿಲ್ಲವೆಂದು ಹಾಗೆಯೇ ಕಳುಹಿಸಿ, ಮಾರ್ಗಮಧ್ಯೆ ತಪಾಸಣೆಯಾದರೆ, ಕೇಂದ್ರ ಜಿ.ಎಸ್.ಟಿ. ಕಾಯಿದೆಯ 129ನೇ ಕಲಮು ಅನ್ವಯವಾಗಬಹುದು. 2022ರ ಜನವರಿ 1ರಂದು ಜಾರಿಗೆ ಬಂದ ತಿದ್ದುಪಡಿಯಂತೆ, ಸರಕಿನ ಮಾಲೀಕರು ಮುಂದೆ ಬಂದಾಗ ದಂಡವು ತೆರಿಗೆಯ ಶೇ. 200, ಅಂದರೆ 18,000 ರೂಪಾಯಿ ತೆರಿಗೆಗೆ 36,000 ರೂಪಾಯಿ. ಸಂಪರ್ಕವಿರಲಿಲ್ಲವೆಂಬ ಕಾರಣವನ್ನು ನೆಚ್ಚಿಕೊಂಡು ಸರಕು ಕಳುಹಿಸುವುದು ವಿವೇಕವಲ್ಲ.

ಎರಡು ಬಗೆಯ ಸಾಧನಗಳು

ಮಾರುಕಟ್ಟೆಯಲ್ಲಿ ದೊರೆಯುವ ಸಣ್ಣ ರೌಟರ್‌ಗಳಲ್ಲಿ ಮುಖ್ಯವಾಗಿ ಎರಡು ವಿಧ.

1. ಸಿಮ್ ಕಾರ್ಡ್ ಮತ್ತು ಬ್ಯಾಟರಿ ಇರುವಂಥವು. ಇವು ಮೊಬೈಲ್ ಜಾಲದಿಂದ ಸಂಪರ್ಕ ಪಡೆದು ವೈ-ಫೈ ಮೂಲಕ ಹಂಚುತ್ತವೆ. ವಿದ್ಯುತ್ ಇಲ್ಲದ ಕಡೆಯೂ ಉಪಯುಕ್ತ.

2. ಸಿಮ್ ಇಲ್ಲದ ಪ್ರಯಾಣ ರೌಟರ್‌ಗಳು. ಇವು ಹೋಟೆಲಿನ ತಂತಿ ಸಂಪರ್ಕವನ್ನೋ ಅಲ್ಲಿನ ವೈ-ಫೈ ಸಂಪರ್ಕವನ್ನೋ ಪಡೆದು, ವ್ಯಾಪಾರಿಯದೇ ಆದ ಪ್ರತ್ಯೇಕ ಜಾಲವನ್ನು ನಿರ್ಮಿಸುತ್ತವೆ. ಅನೇಕ ಮಾದರಿಗಳು ಯು.ಎಸ್.ಬಿ. ಕೇಬಲ್ ಮೂಲಕ ಮೊಬೈಲ್ ಫೋನಿನ ಸಂಪರ್ಕವನ್ನೂ ಸ್ವೀಕರಿಸುತ್ತವೆ. ಸಾಮಾನ್ಯವಾಗಿ ಮೊಬೈಲ್ ಚಾರ್ಜರ್ ಅಥವಾ ಪವರ್ ಬ್ಯಾಂಕ್‌ನಿಂದಲೇ ಚಾಲನೆಗೊಳ್ಳುತ್ತವೆ.

ಮೊಬೈಲ್ ಫೋನಿನ ಹಾಟ್‌ಸ್ಪಾಟ್ ಸಾಲದೇ ಎಂಬ ಪ್ರಶ್ನೆ ಸಹಜ. ಒಬ್ಬರೇ ಪ್ರಯಾಣಿಸಿ ಒಂದು ಲ್ಯಾಪ್‌ಟಾಪ್ ಮಾತ್ರ ಬಳಸುವವರಿಗೆ ಅದು ಧಾರಾಳವಾಗಿ ಸಾಕು. ಆದರೆ ಮಳಿಗೆಯಲ್ಲಿ ಲ್ಯಾಪ್‌ಟಾಪ್, ಕಾರ್ಡ್ ಯಂತ್ರ, ಮುದ್ರಣ ಯಂತ್ರಗಳೆಲ್ಲ ಇದ್ದಾಗ, ಮಾಲೀಕರು ಫೋನ್ ಸಮೇತ ಊಟಕ್ಕೆ ಹೊರಟರೆ ಎಲ್ಲವೂ ಸ್ಥಗಿತಗೊಳ್ಳುತ್ತವೆ. ರೌಟರ್ ಮಳಿಗೆಯಲ್ಲಿಯೇ ಉಳಿಯುತ್ತದೆ. ಅದರ ನಿಜವಾದ ಪ್ರಯೋಜನವೂ ಇದೇ.

ರೌಟರ್ ತಾನಾಗಿ ಸಂಕೇತವನ್ನು ಸೃಷ್ಟಿಸಲಾರದು ಎಂಬುದನ್ನೂ ನೆನಪಿಡಬೇಕು. ತಗಡಿನ ಚಾವಣಿಯ ಕೆಳಗೆ, ಜನಸಂದಣಿಯ ನಡುವೆ, ಮೊಬೈಲ್ ಜಾಲವೇ ದುರ್ಬಲವಾಗಿದ್ದರೆ ರೌಟರ್ ಕೂಡ ಅಸಹಾಯಕ. ಆದುದರಿಂದ ಮಳಿಗೆ ಕಾಯ್ದಿರಿಸಿದ ಸ್ಥಳದಲ್ಲಿ ಬೇರೆ ಬೇರೆ ಕಂಪನಿಗಳ ಸಿಮ್‌ಗಳನ್ನು ಮುಂಚಿತವಾಗಿ ಪರೀಕ್ಷಿಸಬೇಕು. ಸುತ್ತಲೂ ಹತ್ತಾರು ವೈ-ಫೈ ಜಾಲಗಳಿರುವಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗಿಂತ 5 ಗಿಗಾಹರ್ಟ್ಸ್ ಪಟ್ಟಿಯು ಕಡಿಮೆ ದೂರಕ್ಕೆ ಹೆಚ್ಚು ಅನುಕೂಲ.

ಸುರಕ್ಷತೆ

ಹೋಟೆಲಿನ ವೈ-ಫೈ ಜಾಲವನ್ನು ಅಪರಿಚಿತರೂ ಬಳಸುತ್ತಾರೆ. ಪ್ರಯಾಣ ರೌಟರ್ ವ್ಯಾಪಾರಿಯ ಗಣಕಯಂತ್ರವನ್ನು ಅವರಿಂದ ಪ್ರತ್ಯೇಕಿಸುತ್ತದೆ. ಆದರೆ ರೌಟರ್‌ನಿಂದ ಮುಂದೆ ಮಾಹಿತಿಯು ಹೋಟೆಲಿನ ಜಾಲದ ಮೂಲಕವೇ ಸಾಗುತ್ತದೆ. ಆದುದರಿಂದ ಬ್ಯಾಂಕ್ ವ್ಯವಹಾರಕ್ಕೆ ಸ್ವಂತ ಸಿಮ್ ಸಂಪರ್ಕವೇ ಲೇಸು. ಅನಿವಾರ್ಯವಾದಲ್ಲಿ ರೌಟರ್‌ನಲ್ಲಿರುವ ವಿ.ಪಿ.ಎನ್. ಸೌಲಭ್ಯವನ್ನು ಬಳಸಬೇಕು. ಕೆಳಗಿನ ಅಂಶಗಳೂ ಮುಖ್ಯ:

* ಕಾರ್ಖಾನೆಯಿಂದ ಬಂದ ಗುಪ್ತಪದಗಳನ್ನು ಮೊದಲ ದಿನವೇ ಬದಲಿಸಬೇಕು.
* ಡಬ್ಲ್ಯು.ಪಿ.ಎ.2 ಅಥವಾ ಡಬ್ಲ್ಯು.ಪಿ.ಎ.3 ರಕ್ಷಣೆಯನ್ನು ಆಯ್ದುಕೊಳ್ಳಬೇಕು.
* ಮಳಿಗೆಗೆ ಬಂದವರಿಗೆ ಗುಪ್ತಪದ ನೀಡಬಾರದು. ದುರುಪಯೋಗವಾದರೆ ವಿಚಾರಣೆ ಮೊದಲು ಬರುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಬಳಿಗೆ.
* ಲ್ಯಾಪ್‌ಟಾಪ್‌ನ ಸ್ವಯಂಚಾಲಿತ ನವೀಕರಣವನ್ನು ಪ್ರವಾಸದ ಅವಧಿಗೆ ತಡೆಹಿಡಿಯಬೇಕು. ಇಲ್ಲವಾದರೆ ದಿನದ ಡೇಟಾ ಮಿತಿ ಬೆಳಿಗ್ಗೆಯೇ ಮುಗಿದೀತು.

ಲೆಕ್ಕಪತ್ರದಲ್ಲಿ ನಮೂದು

ಬೆಲೆ ಅಲ್ಪವೆಂದು ರೌಟರ್ ಖರೀದಿಯನ್ನು ಪ್ರಯಾಣ ವೆಚ್ಚದಲ್ಲಿ ಸೇರಿಸಿಬಿಡುವ ರೂಢಿ ಸರಿಯಲ್ಲ. ಬಿಲ್ ಸಂಸ್ಥೆಯ ಹೆಸರಿನಲ್ಲಿದ್ದು, ಅದರ ಜಿ.ಎಸ್.ಟಿ. ಸಂಖ್ಯೆ ನಮೂದಾಗಿರಬೇಕು, ಸಿಮ್‌ನ ಮಾಸಿಕ ಬಿಲ್ಲಿಗೂ ಇದೇ ಮಾತು. ರೌಟರ್‌ನ ಬೆಲೆ 4,000 ರೂಪಾಯಿ, ಶೇ. 18ರ ತೆರಿಗೆ 720 ರೂಪಾಯಿ ಎಂದಿಟ್ಟುಕೊಂಡರೆ, 720 ರೂಪಾಯಿಯನ್ನು ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆದು, 4,000 ರೂಪಾಯಿಯನ್ನು ಆಸ್ತಿಯಾಗಿ ತೋರಿಸಬೇಕು. 4,720 ರೂಪಾಯಿಯ ಮೇಲೆ ಸವಕಳಿ ಪಡೆದರೆ, 16(3)ನೇ ಕಲಮಿನಂತೆ ತೆರಿಗೆ ಜಮೆ ದೊರೆಯದು. ಎರಡನ್ನೂ ಪಡೆಯಲು ಅವಕಾಶವಿಲ್ಲ.

ಸವಕಳಿಯ ದರದ ಬಗ್ಗೆ ಹಿಂದೆ ವಿವಾದವಿತ್ತು. ಗಣಕಯಂತ್ರದೊಂದಿಗೆ ಬಳಸುವ ರೌಟರ್‌ಗಳನ್ನು ಗಣಕಯಂತ್ರವೆಂದೇ ಪರಿಗಣಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠವು ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ 2010ರಲ್ಲಿ ತೀರ್ಪಿತ್ತಿತು. ಆಗ ಶೇ. 60ರಷ್ಟಿದ್ದ ಗಣಕಯಂತ್ರಗಳ ಸವಕಳಿ ದರವನ್ನು 2017-18ನೇ ಆರ್ಥಿಕ ವರ್ಷದಿಂದ ಶೇ. 40ಕ್ಕೆ ಇಳಿಸಲಾಯಿತು.

ಕೊನೆಯ ಮಾತು

ಸಾಧನವನ್ನು ಕೊಳ್ಳುವ ಮುನ್ನ ವ್ಯಾಪಾರಿಯು ವರ್ಷದಲ್ಲಿ ತಾನು ಎಷ್ಟು ದಿನ ಮಳಿಗೆಯಿಂದ ಹೊರಗೆ ವ್ಯವಹರಿಸುತ್ತೇನೆ, ಎಷ್ಟು ಯಂತ್ರಗಳಿಗೆ ಸಂಪರ್ಕ ಬೇಕು ಎಂಬುದನ್ನು ಲೆಕ್ಕ ಹಾಕಬೇಕು. ವರ್ಷಕ್ಕೊಮ್ಮೆ ಪ್ರಯಾಣಿಸುವವರಿಗೆ ಕೈಯಲ್ಲಿರುವ ಫೋನೇ ಸಾಕು. ಪದೇ ಪದೇ ಪ್ರದರ್ಶನಗಳಲ್ಲಿ ಪಾಲ್ಗೊಳ್ಳುವವರು ರೌಟರ್ ಕೊಂಡು, ಹೊರಡುವ ಹಿಂದಿನ ದಿನವೇ ಎಲ್ಲ ಯಂತ್ರಗಳನ್ನು ಅದಕ್ಕೆ ಜೋಡಿಸಿ ಪರೀಕ್ಷಿಸಬೇಕು. ಲಾರಿ ಬಾಗಿಲಲ್ಲಿ ನಿಂತಾಗ ಗುಪ್ತಪದ ಹುಡುಕುವುದು ವ್ಯಾಪಾರದ ಲಕ್ಷಣವಲ್ಲ.