ಲಿಂಗದೃಷ್ಟಿ ಮತ್ತು ಕಣ್ಣಪಾಪೆಯ ಅಳತೆ

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ದೃಷ್ಟಿಯನ್ನು ಅದರಲ್ಲಿ ನೆಲೆಗೊಳಿಸುವುದು ನಮ್ಮ ನಿತ್ಯದ ಸಾಧನೆ. ಆ ಹೊತ್ತಿನಲ್ಲಿ ಭಕ್ತರ ಕಣ್ಣಪಾಪೆ ಕಿರಿದಾಯಿತೆಂದು ಯಂತ್ರದಿಂದ ಅಳೆದು, "ಮನಸ್ಸು ಶಾಂತವಾದುದಕ್ಕೆ ಇದೇ ಸಾಕ್ಷಿ" ಎಂದು ಯಾರಾದರೂ ಹೇಳಿದರೆ ನಮಗೆ ಸಂತೋಷವಾಗುವುದು ಸಹಜ. ಆದರೆ ಒಪ್ಪುವ ಮುನ್ನ ಅಳತೆಯ ರೀತಿಯನ್ನು ವಿಚಾರಿಸಬೇಕು.

ಪಾಪೆಯು ಬೆಳಕು ಕಣ್ಣಿನೊಳಗೆ ಹೋಗುವ ದ್ವಾರ. ಅದರ ವ್ಯಾಸ ಪ್ರಖರ ಬೆಳಕಿನಲ್ಲಿ ಸುಮಾರು 2ರಿಂದ 4 ಮಿ.ಮೀ., ಕತ್ತಲೆಯಲ್ಲಿ 4ರಿಂದ 8 ಮಿ.ಮೀ. ಮನಸ್ಸಿನ ಶ್ರಮಕ್ಕೂ ಅದು ಹಿಗ್ಗುತ್ತದೆ. ಮನದಲ್ಲೇ ಗುಣಾಕಾರ ಮಾಡುವವರಲ್ಲಿ ಹೆಸ್ ಮತ್ತು ಪೋಲ್ಟ್ 1964ರಲ್ಲಿ ಇದನ್ನು ತೋರಿಸಿದರು. ಆದರೆ ಈ ಹಿಗ್ಗುವಿಕೆ ಸಾಮಾನ್ಯವಾಗಿ ಅರ್ಧ ಮಿ.ಮೀ.ಗಿಂತ ಕಡಿಮೆ. ಬೆಳಕಿನ ಅಲ್ಪ ವ್ಯತ್ಯಾಸವೂ ಅದನ್ನು ಮರೆಮಾಚಬಲ್ಲದು. ಆದುದರಿಂದ ಹರಿಹರದ ತುಂಗಭದ್ರಾ ತೀರದ ಬೆಳಗಿನ ಬಿಸಿಲಿನಲ್ಲಿ ಪಡೆದ ಅಳತೆಯನ್ನು ದಾವಣಗೆರೆಯ ಮನೆಯೊಂದರ ಪೂಜಾಕೋಣೆಯ ಅಳತೆಯೊಡನೆ ಹೋಲಿಸಲಾಗದು.

ಇನ್ನೆರಡು ಎಚ್ಚರಿಕೆಗಳಿವೆ. ಹತ್ತಿರದ ಯಾವ ವಸ್ತುವನ್ನು ನೋಡಿದರೂ ಪಾಪೆ ಕಿರಿದಾಗುತ್ತದೆ. ಅಲ್ಲದೆ, ಕಣ್ಣು ಅಂಗೈಯತ್ತ ಬಾಗಿದಾಗ ಎದುರಿನ ಕ್ಯಾಮೆರಾಕ್ಕೆ ದುಂಡನೆಯ ಪಾಪೆ ಅಂಡಾಕಾರವಾಗಿ, ಚಿಕ್ಕದಾಗಿ ಕಾಣುತ್ತದೆ. ಆದಕಾರಣ ಅದೇ ವ್ಯಕ್ತಿ, ಅದೇ ಬೆಳಕಿನಲ್ಲಿ, ಅದೇ ದೂರದಲ್ಲಿ, ಅದೇ ಗಾತ್ರ ಮತ್ತು ಕಪ್ಪು ಹೊಳಪಿನ ಬೇರೊಂದು ವಸ್ತುವನ್ನೂ ನೋಡಬೇಕು. ಎರಡರ ನಡುವೆ ಉಳಿಯುವ ವ್ಯತ್ಯಾಸವನ್ನು ಮಾತ್ರ ಸಾಧನೆಗೆ ಸಂಬಂಧಿಸಿ ವಿಚಾರಿಸಬಹುದು.

ವಯಸ್ಸು, ಮಧುಮೇಹ, ಕಣ್ಣಿಗೆ ಹಾಕುವ ಹನಿಮದ್ದುಗಳೂ ಪಾಪೆಯ ಗಾತ್ರವನ್ನು ಬದಲಿಸುವುದರಿಂದ ಅವುಗಳನ್ನು ಬರೆದಿಡಬೇಕು. ಪಾಪೆಯ ಅಳತೆಯನ್ನು ಕುರಿತು 'ಸೈಕೋಫಿಸಿಯಾಲಜಿ' ಪತ್ರಿಕೆ 2022ರಲ್ಲಿ ಮಾರ್ಗಸೂಚಿಯನ್ನೇ ಪ್ರಕಟಿಸಿದೆ. ಬೆಳಕಿನ ಪ್ರಮಾಣವೆಷ್ಟು, ಉಪಕರಣ ಯಾವುದು, ರೆಪ್ಪೆ ಬಡಿದಾಗ ತಪ್ಪಿದ ಅಳತೆಗಳನ್ನು ಹೇಗೆ ಸರಿಪಡಿಸಲಾಯಿತು, ಎಷ್ಟು ಜನರ ಅಳತೆಯನ್ನು ಯಾವ ಕಾರಣಕ್ಕೆ ಕೈಬಿಡಲಾಯಿತು ಎಂಬುದನ್ನು ವರದಿಯಲ್ಲಿ ತಿಳಿಸುವುದು ಸಂಶೋಧಕರ ಕರ್ತವ್ಯ. ಅನುಕೂಲವಾದುದನ್ನು ಮಾತ್ರ ಪ್ರಕಟಿಸಿ ಉಳಿದುದನ್ನು ಮುಚ್ಚಿಡುವುದು ಅಸತ್ಯವೇ ಸರಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಭಾಗವಹಿಸುವವರು ವಿಷಯವನ್ನು ಅರಿತು ಸ್ವಇಚ್ಛೆಯಿಂದ ಒಪ್ಪಬೇಕು. ಮಠದಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಗುರುಗಳ ಮೇಲಿನ ಗೌರವದಿಂದ 'ಇಲ್ಲ' ಎನ್ನಲಾರದೆ ನೀಡಿದ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲ.

ಅಳತೆಯ ಫಲ ನಮ್ಮ ನಿರೀಕ್ಷೆಯಂತೆ ಬಾರದಿದ್ದರೂ ಲಿಂಗನಿಷ್ಠೆಗೆ ಕುಂದಿಲ್ಲ. ಆದರೆ ದೋಷಪೂರ್ಣ ಅಳತೆಯನ್ನು ಹೊಗಳಿ ಹರಡಿದರೆ, ಅದು ಸುಳ್ಳೆಂದು ತಿಳಿದ ದಿನ ನಮ್ಮ ಮಕ್ಕಳು ಸಾಧನೆಯನ್ನೇ ಶಂಕಿಸುವಂತಾಗುತ್ತದೆ.